ಪಂಕ್ತಿಭೇದ ಚರ್ಚಿನೊಳಗೂ ಇತ್ತು



"ಕ್ರೈಸ್ತರಲ್ಲೇನು ಬಿಡಿ, ಅವರೆಲ್ಲಾ ಒಂದೇ" ಅನ್ನೋರು ನಮ್ಮ ನಡುವೆ ಬಹಳ ಜನ ಇದ್ದಾರೆ. ಒಂದೇ ಆಗಿರಲಿಲ್ಲ. ನೂರು ವರ್ಷದ ಹಿಂದೆ ಒಂದೇ ಯೇಸುವನ್ನು ನಂಬಿದವರು ಒಟ್ಟಿಗೆ ಕರ್ತನ ಭೋಜನ ತಗೊಳ್ಳೋದೇ ಕಷ್ಟವಿತ್ತು. ಬಿಷಪ್ ತಲೆ ಮೇಲೆ ಕೈಯಿಟ್ಟು ಅಭಿಷೇಕ ಮಾಡದ ಪಾದ್ರಿಯನ್ನು ಆಂಗ್ಲಿಕನ್ನರು ಪೂರ್ತಿ ಪಾದ್ರಿ ಅಂತ ಒಪ್ಪುತ್ತಿರಲಿಲ್ಲ. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳವರಿಗೆ ಬಿಷಪ್ ಅಂದರೇನೇ ಅನುಮಾನ. ಒಬ್ಬರದು ಪುಸ್ತಕ ನೋಡಿ ಓದುವ ಪ್ರಾರ್ಥನೆ, ಇನ್ನೊಬ್ಬರದು ಮನಸ್ಸಿಗೆ ಬಂದಂತೆ ಮಾಡುವ ಪ್ರಾರ್ಥನೆ. ಇವರ ಕಣ್ಣಿಗೆ ಅವರು ಬರೀ ಆಚಾರದವರು, ಅವರ ಕಣ್ಣಿಗೆ ಇವರು ಶಿಸ್ತಿಲ್ಲದವರು.

ಇದು ಯಾರ ಜಗಳ? ಯುರೋಪಿನಲ್ಲಿ 16, 17ನೇ ಶತಮಾನದಲ್ಲಿ ಹುಟ್ಟಿದ ಜಗಳ. ಹೊತ್ತವರು ಯಾರು? ನಮ್ಮ ಜನ. ಪ್ರೊಟೆಸ್ಟೆಂಟ್ ಮಿಶನ್‌ಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಹೋಗಬಾರದು ಅಂತ ಮಾತಾಡಿಕೊಂಡು ಊರುಗಳನ್ನು ಹಂಚಿಕೊಂಡಿದ್ದವು. ಹಾಗಾಗಿ ತೆಲುಗು ನಾಡಿನ ಒಬ್ಬ ಮಾದಿಗ ಆಂಗ್ಲಿಕನ್ ಆದನೋ ಮೆಥೊಡಿಸ್ಟ್ ಆದನೋ ಅನ್ನೋದು ಸಿದ್ಧಾಂತದ ಪ್ರಶ್ನೆಯಲ್ಲ. ಕೇರಿಗೆ ಯಾವ ಮಿಶನ್ ಬಂತೋ ಅದೇ ಅವನ ಪಂಗಡ. ಅದೇ ಮನುಷ್ಯ ಕೂಲಿ ಹುಡುಕಿಕೊಂಡು ಇನ್ನೊಂದು ಸೀಮೆಗೆ ಹೋದರೆ ಅಲ್ಲಿನ ಚರ್ಚಿನಲ್ಲಿ ಹೊರಗಿನವನು. ಹಿಂದೂ ಊರಲ್ಲಿ ಹೊರಗೆ, ಕ್ರೈಸ್ತ ಸಭೆಯಲ್ಲೂ ಹೊರಗೆ!

ಈ ಅನ್ಯಾಯ ಕಂಡವರಲ್ಲಿ ಮುಖ್ಯರು ವಿ.ಎಸ್. ಅಜರಯ್ಯ. 1874ರಲ್ಲಿ ತಿರುನೆಲ್ವೇಲಿ ಜಿಲ್ಲೆಯಲ್ಲಿ ನಾಡಾರ್ ಸಮುದಾಯದ ಹಳ್ಳಿ ಪಾದ್ರಿಯ ಮಗನಾಗಿ ಹುಟ್ಟಿದರು. 1910ರಲ್ಲಿ ಎಡಿನ್‌ಬರೋದ ಮಿಶನರಿ ಸಮ್ಮೇಳನದಲ್ಲಿ ಬಿಳಿಯರ ಮುಂದೆ ನಿಂತು, ನಿಮ್ಮ ದಾನ ತ್ಯಾಗ ಎಲ್ಲಾ ಸರಿ, ನಮಗೆ ಬೇಕಿರೋದು ಗೆಳೆತನ ಅಂತ ಮುಖಕ್ಕೆ ಹೇಳಿದ ಎದೆಗಾರ. 1912ರಲ್ಲಿ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ಆದರು. ಅವರ ದೋರ್ನಕಲ್ ಪ್ರಾಂತ್ಯದ ವಿಶ್ವಾಸಿಗಳಲ್ಲಿ ಬಹುಪಾಲು ಮಾಲ, ಮಾದಿಗರು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಜನ ಪಾದ್ರಿಗಳು ಸೇರಿದರು. ಬಹುತೇಕ ಎಲ್ಲರೂ ಭಾರತೀಯರೇ. ನಾವು ಹುಟ್ಟಿಸದ ಈ ಒಡಕು ನಮಗೆ ಬೇಡ ಅಂದರು. ಅಲ್ಲಿಂದ ಮಾತುಕತೆ ನಡೆದದ್ದು 28 ವರ್ಷ! ನಾನು ಆಫೀಸಲ್ಲಿ ಫೈಲು ಓಡಾಡಿಸೋ ಗುಮಾಸ್ತ. 28 ವರ್ಷ ಓಡಾಡಿದ ಫೈಲು ಕಳೆದುಹೋಗದೆ ಸಹಿ ಬೀಳಿಸಿಕೊಂಡು ಬಂತು ಅಂದರೆ ಅದು ಪವಾಡವೇ. ಅಜರಯ್ಯ ಅದನ್ನು ನೋಡಲಿಲ್ಲ, 1945ರ ಜನವರಿ 1ರಂದು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. 14 ಪ್ರಾಂತ್ಯಗಳು, ನಮ್ಮ ಮೈಸೂರೂ ಅದರಲ್ಲೊಂದು.

ಹೇಗೆ ಸಾಧ್ಯವಾಯ್ತು? ಯಾರಿಗೂ "ನಿನ್ನದು ತಪ್ಪು, ಬಿಟ್ಟು ಬಾ" ಅನ್ನಲಿಲ್ಲ. ಬಿಷಪ್ ಪದ್ಧತಿ ಉಳಿಯಿತು, ಮುಂದಿನ ಅಭಿಷೇಕಗಳೆಲ್ಲ ಬಿಷಪ್‌ರಿಂದಲೇ. ಆದರೆ ಆಗಲೇ ಪಾದ್ರಿಗಳಾಗಿದ್ದವರಿಗೆ ಮರು ಅಭಿಷೇಕ ಇಲ್ಲ, ಇದ್ದ ಹಾಗೇ ಎಲ್ಲರೂ ಸಮಾನ. ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನು ಯಾವ ಸಭೆಯ ಮೇಲೂ ಹೇರೋದಿಲ್ಲ ಅಂತ ಮಾತು ಕೊಟ್ಟರು. ಇಂಗ್ಲೆಂಡಿನ ಆಂಗ್ಲಿಕನ್ನರು ಎಷ್ಟೋ ವರ್ಷ ಪೂರ್ಣ ಮಾನ್ಯತೆ ಕೊಡಲಿಲ್ಲ. ನಂದ್ಯಾಲ ಕಡೆಯ ಬಹಳ ಆಂಗ್ಲಿಕನ್ನರು ಹೊರಗೇ ಉಳಿದರು. ಆದರೂ ಇವರು ಹಿಂದೆ ಸರಿಯಲಿಲ್ಲ.

ನನಗೆ ಇದರಲ್ಲಿ ದೊಡ್ಡದಾಗಿ ಕಾಣೋದು ಒಂದು ಸಣ್ಣ ಕ್ರಿಯೆ. 1950ರಲ್ಲಿ ಬಂದ ಹೊಸ ಆರಾಧನಾ ಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರಿಂದ 'ಸಮಾಧಾನ' ಹಂಚುವ ಪದ್ಧತಿಯನ್ನು ತಂದರು. ಪಕ್ಕದವರ ಅಂಗೈಗೆ ನಮ್ಮ ಅಂಗೈ ಸೇರಿಸಿ, ಮೇಲೆ ಇನ್ನೊಂದು ಕೈ ಮುಚ್ಚಿ, ಅವರಿಂದ ಮುಂದಿನವರಿಗೆ ದಾಟಿಸೋದು. ಮುಟ್ಟಿದರೆ ಮೈಲಿಗೆ ಅನ್ನೋ ನಾಡಲ್ಲಿ, ಮುಟ್ಟೋದೇ ಆರಾಧನೆಯ ಭಾಗವಾಯ್ತು. ಯೋಚನೆ ಮಾಡಿ.

ಆದರೆ ಇಲ್ಲಿಗೇ ಚಪ್ಪಾಳೆ ತಟ್ಟಿ ಏಳಬೇಡಿ. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗೆ ಜಾತಿ ಬೇಡ ಅಂತ ದಕ್ಷಿಣದ ಸಭೆಗಳಿಗೆ ಕಟ್ಟುನಿಟ್ಟಿನ ಆದೇಶ ಬರೆದಿದ್ದರು. ಮೇಲ್ಜಾತಿ ಕ್ರೈಸ್ತರು ಚರ್ಚೇ ಬಿಟ್ಟರು. ತಂಜಾವೂರು ಕಡೆ ಬಹಳ ಜನ ಮುಂದೆ ಲೈಪ್‌ಜಿಗ್ ಲೂಥರನ್ ಮಿಶನ್‌ಗೆ ಸೇರಿಕೊಂಡರು, ಯಾಕಂದ್ರೆ ಆ ಮಿಶನ್ ಜಾತಿಯನ್ನು ಸಹಿಸಿಕೊಳ್ಳುತ್ತಿತ್ತು. ಪಂಗಡ ಬದಲಾಯಿಸಿದರು, ಪ್ರಾರ್ಥನೆಯ ಪುಸ್ತಕ ಬದಲಾಯಿಸಿದರು, ಜಾತಿ ಮಾತ್ರ ಬಿಡಲಿಲ್ಲ.

ಇದರ ಅರ್ಥ ಇಷ್ಟೇ. ಬಿಷಪ್ ಬೇಕೋ ಬೇಡವೋ ಅನ್ನೋ ಪ್ರಶ್ನೆಗೆ 28 ವರ್ಷ ಕೂತು ಉತ್ತರ ಹುಡುಕಿದವರಿಗೆ ಮದುವೆ ಸಂಬಂಧದಲ್ಲಿ, ಸ್ಮಶಾನದಲ್ಲಿ, ಬಿಷಪ್ ಚುನಾವಣೆಯಲ್ಲಿ ಜಾತಿ ಯಾಕೆ ಅನ್ನೋ ಪ್ರಶ್ನೆಗೂ ಉತ್ತರ ಹುಡುಕೋ ಶಕ್ತಿ ಇದೆ. ಇಲ್ಲದಿರೋದು ಮನಸ್ಸು. ಆರಾಧನೆಯ ಭೇದ ಸಹಿಸಿಕೊಳ್ಳಬಹುದು, ಸಹಿಸಿಕೊಳ್ಳಬೇಕು. ಜಾತಿಯ ಭೇದ ಸಹಿಸಿಕೊಳ್ಳೋ ವಿಷಯವೇ ಅಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು "ಎಲ್ಲರೂ ಹೊಂದಿಕೊಂಡು ಹೋಗೋಣ" ಅನ್ನೋರ ಹತ್ತಿರ ಹುಷಾರಾಗಿರಿ.

ಕ್ರೈಸ್ತ ಬಂಧುಗಳೇ, ಬರೋ ಭಾನುವಾರ ಪಕ್ಕದವರ ಕೈ ಹಿಡಿದು ಸಮಾಧಾನ ಹೇಳ್ತೀರಲ್ಲ, ಅದೇ ಕೈಗೆ ಹೆಣ್ಣು ಕೊಡ್ತೀರಾ? ಉತ್ತರ ಹೇಳಿ.

ಜೈ ಭೀಮ್.