ಬಾವಿಯ ಬಾಯಿಗೆ ತಂತಿಬಲೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮುಂಬೈಯ ಫೋರ್ಟ್ ಪ್ರದೇಶವನ್ನು ಮಲೇರಿಯಾ ಕಾಡುತ್ತಿತ್ತು. ಜ್ವರದ ಮೂಲ ಹುಡುಕಲು ಹೊರಟ ಡಾ. ಚಾರ್ಲ್ಸ್ ಬೆಂಟ್ಲಿ 1911ರ ವರದಿಯಲ್ಲಿ ಬೆರಳು ತೋರಿದ್ದು ಮನೆಯಂಗಳದ ಬಾವಿಗಳತ್ತ. ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಗೆ ಕೊಳಚೆಗಿಂತ ಬಾವಿ, ತೊಟ್ಟಿಗಳ ತಿಳಿನೀರೇ ಇಷ್ಟ. ವಿಹಾರ್ ಕೆರೆಯಿಂದ 1860ರಲ್ಲಿ, ತಾನ್ಸಾದಿಂದ 1892ರಲ್ಲಿ ನಲ್ಲಿನೀರು ಬಂದಾಗಿತ್ತು. ಇನ್ನು ಬಾವಿ ಏಕೆ, ಮುಚ್ಚಿಬಿಡಿ ಎಂಬುದು ಆರೋಗ್ಯ ಇಲಾಖೆಯ ವಾದ.

ವಾದ ಸರಿಯೇ. ಆದರೆ ಬಾವಿಯೆಂದರೆ ಬರೀ ನೀರಲ್ಲವಲ್ಲ. ಪಾರ್ಸಿಗಳಿಗೆ ನೀರು ಪೂಜ್ಯ; ಧಾರ್ಮಿಕ ಕ್ರಿಯೆಗೆ ಬಳಸುವ ಬಾವಿಯ ನೀರಿಗೆ ಸೂರ್ಯನ ಬೆಳಕು ತಾಗಬೇಕು. 1725ರಲ್ಲಿ ತೋಡಿಸಿದ ಭಿಕಾ ಬೆಹ್ರಾಮ್ ಬಾವಿಯ ಬಳಿ ಅವರು ಇಂದಿಗೂ ಪ್ರಾರ್ಥಿಸುತ್ತಾರೆ. ಹಿಂದೂಗಳಿಗೂ ಬಾವಿಯ ನೀರು ಪೂಜೆಗೆ ಬೇಕು. ಕೆಲವು ಬಾವಿಗಳಲ್ಲಿ ದೈವಗಳ ವಾಸವಿದೆಯೆಂಬ ನಂಬಿಕೆ ಬೇರೆ. ಪಾಲಿಕೆಯಲ್ಲೇ ಅಧಿಕಾರಿಯಾಗಿದ್ದ ರುಸ್ತಮ್ ಪೆಸ್ತೋನ್‌ಜಿ ಮಸಾನಿ ಈ ತಕರಾರುಗಳನ್ನು ಹತ್ತಿರದಿಂದ ಕಂಡವರು. 1918ರಲ್ಲಿ ಬಾವಿಗಳ ಜಾನಪದ ಕುರಿತು ಪುಸ್ತಕವನ್ನೇ ಬರೆದರು.

ಬಿಕ್ಕಟ್ಟಿಗೆ ದಾರಿ ತೋರಿದ್ದು ನೇಯ್ದ ತಂತಿ. ಬಾವಿಗೆ ಮುಚ್ಚಳ ಹಾಕಿ, ಅದರಲ್ಲಿ ಸಣ್ಣ ಕಣ್ಣಿನ ತಂತಿಬಲೆಯ ಬಾಗಿಲಿಡುವುದು. ಬಿಸಿಲು ಇಳಿಯುತ್ತದೆ, ಸೊಳ್ಳೆ ಇಳಿಯದು.

ಎಲ್ಲ ಬಲೆಯೂ ಇದಕ್ಕೆ ಆಗದು. ಕೋಳಿಗೂಡಿನ ಷಟ್ಕೋನದ ಬಲೆಯನ್ನು ನೇಯುವುದಿಲ್ಲ, ತಂತಿಗಳನ್ನು ಹೊಸೆದು ಮಾಡುತ್ತಾರೆ. ಅದರಲ್ಲಿ ಸೊಳ್ಳೆಯ ಸಂಸಾರವೇ ಹಾದುಹೋದೀತು. ದಪ್ಪ ಹಾಸುತಂತಿಗಳ ನಡುವೆ ಸಣ್ಣ ಹೊಕ್ಕುತಂತಿಗಳನ್ನು ಒತ್ತೊತ್ತಾಗಿ ಕೂರಿಸುವ ಡಚ್ ನೇಯ್ಗೆ ದ್ರವ ಸೋಸಲು ಒಳ್ಳೆಯದು, ಆದರೆ ನೆಟ್ಟಗಿನ ಬೆಳಕನ್ನು ತಡೆಯುತ್ತದೆ. ಬಾವಿಗೆ ಬೇಕಾದದ್ದು ಸಾದಾ ನೇಯ್ಗೆ: ನಮ್ಮ ಹತ್ತಿಬಟ್ಟೆಯಂತೆ, ಒಂದು ತಂತಿಯ ಮೇಲೆ, ಇನ್ನೊಂದರ ಕೆಳಗೆ. ಇಂಚಿಗೆ 16 ಕಣ್ಣು, ತಂತಿ ಸುಮಾರು 0.28 ಮಿಲಿಮೀಟರ್ ದಪ್ಪವಿದ್ದರೆ ಉಳಿಯುವ ಕಿಂಡಿ 1.3 ಮಿಲಿಮೀಟರ್. ಅಂಗಡಿಯಲ್ಲಿ ಕಣ್ಣಿನ ಲೆಕ್ಕವನ್ನಷ್ಟೇ ಕೇಳಿದರೆ ಸಾಲದು. ತಂತಿ ತೆಳುವಾದಷ್ಟೂ ಕಿಂಡಿ ಹಿಗ್ಗುತ್ತದೆ, ಬಲೆಯೂ ಬೇಗ ಹರಿಯುತ್ತದೆ.

ಮುಂಬೈಯಲ್ಲಿ ಇನ್ನೊಂದು ಶತ್ರುವಿದೆ, ಕಡಲ ಗಾಳಿ. ಬರಿ ಕಬ್ಬಿಣ ಉಪ್ಪುಗಾಳಿಗೆ, ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ಕಂಚು ತಾಳುತ್ತವೆ, ಬೆಲೆ ಹೆಚ್ಚು. ಬಾಗಿಲು ತೆರೆದು ನೀರು ಸೇದಿ ಮುಚ್ಚಲು ಮರೆತರೂ, ಒಂದು ಮೂಲೆ ಕಿತ್ತರೂ ಅಷ್ಟೇ. ಬಲೆ ಒಪ್ಪಂದವನ್ನು ಸುಲಭ ಮಾಡಿತು, ಕಾವಲನ್ನಲ್ಲ.

1928ರಲ್ಲಿ ಗಾರ್ಡನ್ ಕೋವೆಲ್ ಮುಂಬೈಯ ಮಲೇರಿಯಾವನ್ನು ಮತ್ತೆ ತನಿಖೆ ಮಾಡಬೇಕಾಯಿತು. ಸೊಳ್ಳೆ ಅದೇ, ಬಾವಿಗಳ ಜೊತೆಗೆ ನೀರಿನ ತೊಟ್ಟಿಗಳೂ ಅದರ ತವರು. ಇಂದು ಪಾಲಿಕೆಯ ಸಿಬ್ಬಂದಿ ಏಣಿ ಹತ್ತಿ ನೋಡುವುದು ತಾರಸಿಯ ಟ್ಯಾಂಕುಗಳನ್ನು: ಮುಚ್ಚಳ ಬಿಗಿಯಾಗಿದೆಯೇ, ಗಾಳಿಕೊಳವೆಯ ಬಾಯಿಗೆ ಬಲೆಯಿದೆಯೇ ಎಂದು. 2012ರಲ್ಲಿ ಸ್ಟೆಫೆನ್ಸಿ ಆಫ್ರಿಕಾದ ಜಿಬೂಟಿಯಲ್ಲೂ ಕಾಣಿಸಿಕೊಂಡಿತು. ಅಲ್ಲಿಯೂ ಈಗ ಟ್ಯಾಂಕು, ಡ್ರಮ್ಮುಗಳ ಬಾಯಿ ಮುಚ್ಚುವ ಮಾತು ನಡೆದಿದೆ.