ಮೊದಲು ಜೀವ, ಆಮೇಲೆ ಮುಖ, ಕೊನೆಗೆ ಕಿವಿ

ಒಳಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಬೆಳೆಯುವ ಗೆಡ್ಡೆಗೆ ವೈದ್ಯರು ಬಹುಕಾಲ ‘ಅಕೂಸ್ಟಿಕ್ ನ್ಯೂರೋಮಾ’ ಎಂದೇ ಹೇಳುತ್ತಿದ್ದರು. ಹೆಸರಿನ ಎರಡೂ ಭಾಗ ತಪ್ಪು. ಅದು ಸಾಮಾನ್ಯವಾಗಿ ಹುಟ್ಟುವುದು ಶ್ರವಣದ ಎಳೆಯಲ್ಲಲ್ಲ, ಪಕ್ಕದ ಸಮತೋಲದ ಎಳೆಯಲ್ಲಿ. ಅದೂ ನರಕೋಶದಿಂದಲ್ಲ, ನರಕ್ಕೆ ಹೊದಿಕೆಯಾದ ಶ್ವಾನ್ ಕೋಶಗಳಿಂದ. ಇದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಆದರೂ ದೊಡ್ಡದಾದರೆ ಮಿದುಳಿನ ಕಾಂಡವನ್ನೇ ಒತ್ತುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಸ್ತ್ರವೈದ್ಯರು ಬೆರಳು ಹಾಕಿಯೇ ಗೆಡ್ಡೆಯನ್ನು ಕೀಳುತ್ತಿದ್ದರು. ಬಹುಪಾಲು ರೋಗಿಗಳು ಉಳಿಯುತ್ತಿರಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ ಹೊರಕವಚವನ್ನು ಬಿಟ್ಟು ಒಳಗಿನದನ್ನು ಮಾತ್ರ ಕೆರೆದು ತೆಗೆದು ಸಾವುಗಳನ್ನು ಬಹಳ ಕಡಿಮೆ ಮಾಡಿದರು. 1917ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಉಳಿದ ಗೆಡ್ಡೆ ಮತ್ತೆ ಬೆಳೆಯುತ್ತಿತ್ತು. ವಾಲ್ಟರ್ ಡ್ಯಾಂಡಿ ಕವಚವನ್ನೂ ತೆಗೆಯತೊಡಗಿದರು. ಜೀವ ಉಳಿಯುತ್ತಿತ್ತು, ಆದರೆ ಮುಖದ ಅರ್ಧಭಾಗ ಸಾಮಾನ್ಯವಾಗಿ ಜೋತುಬೀಳುತ್ತಿತ್ತು.

1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ ತಂದರು. ಅವರು ದಂತವೈದ್ಯರಾಗಿದ್ದು ಕಿವಿ ವೈದ್ಯರಾದವರು. ಮೂಳೆ ಕೊರೆಯುವ ಯಂತ್ರ ಅವರ ಕೈಗೆ ಹೊಸದಲ್ಲ. ಒಂದು ದಾರಿ ಒಳಕಿವಿಯ ಮೂಲಕವೇ ಹೋಗುತ್ತಿತ್ತು. ಮುಖದ ನರ ಸ್ಪಷ್ಟವಾಗಿ ಕಾಣುತ್ತಿತ್ತು, ಕೇಳುವಿಕೆ ಮಾತ್ರ ಪೂರ್ತಿ ಹೋಗುತ್ತಿತ್ತು. ಇನ್ನೊಂದು ದಾರಿ ಕಿವಿಯ ಮೇಲಿನಿಂದ, ಮಿದುಳನ್ನು ತುಸು ಎತ್ತಿ ಹೋಗುವುದು. ಗೆಡ್ಡೆ ಚಿಕ್ಕದಿದ್ದರೆ ಇಲ್ಲಿ ಶ್ರವಣ ಉಳಿಸಲು ಅವಕಾಶವಿತ್ತು.

ಆದರೆ ನರ ತುಂಡಾಗದೆ ಉಳಿದರೂ ಕಿವಿ ಕೇಳಿಸದೆ ಹೋಗಬಹುದು. ಕಾಕ್ಲಿಯಾಕ್ಕೆ ರಕ್ತ ಕೊಡುವುದು ನೂಲಿನಂಥ ಒಂದು ಅಪಧಮನಿ; ಅದು ಕಟ್ಟಿಕೊಂಡರೆ ಬೇರೆ ದಾರಿಯಿಲ್ಲ. ಹೀಗಾಗಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಕಿವಿಯ ಮೇಲೆ ಕಣ್ಣಿಡುವುದು ಅಗತ್ಯವಾಯಿತು. 1971ರಲ್ಲಿ ಜ್ಯೂವೆಟ್ ಮತ್ತು ವಿಲಿಸ್ಟನ್ ವಿವರಿಸಿದ್ದ ಮಿದುಳುಕಾಂಡದ ಅಲೆಗಳು ಇದಕ್ಕೆ ಒದಗಿದವು. ನಿದ್ದೆಯಲ್ಲಿರುವ ರೋಗಿಯ ಕಿವಿಗೆ ಟಿಕ್ ಟಿಕ್ ಶಬ್ದ ಕೊಡುತ್ತಾರೆ. ಐದನೆಯ ಅಲೆ ತಡವಾದರೆ ಶಸ್ತ್ರವೈದ್ಯರು ಕೈ ತಡೆಯುತ್ತಾರೆ.

ಎಂಆರ್‌ಐ ಬಂದಮೇಲೆ ಕೆಲವೇ ಮಿಲಿಮೀಟರ್‌ನ ಗೆಡ್ಡೆಗಳೂ ಕಾಣತೊಡಗಿದವು. ಆಗ ಪ್ರಶ್ನೆಯೇ ಬದಲಾಯಿತು: ಈಗಲೇ ತೆಗೆಯಬೇಕೆ, ವಿಕಿರಣ ಕೊಡಬೇಕೆ, ಕಾಯಬೇಕೆ? ಮೂರರಲ್ಲೂ ಕೇಳುವಿಕೆ ಕುಗ್ಗುವ ಅಪಾಯವಿದೆ.

ಎರಡೂ ಬದಿಯಲ್ಲಿ ಗೆಡ್ಡೆ ತರುವ ಆನುವಂಶಿಕ ಕಾಯಿಲೆಯವರಿಗೆ ಈ ಪ್ರಶ್ನೆ ಇನ್ನೂ ಕಠಿಣ. ಅವರಿಗೆ ಆಸರೆಯಾಗಲು ಇನ್ನೊಂದು ಒಳ್ಳೆಯ ಕಿವಿ ಇರುವುದಿಲ್ಲ. ಅಂಥ ಒಬ್ಬ ರೋಗಿಗಾಗಿಯೇ 1979ರಲ್ಲಿ ಹೌಸ್ ಮತ್ತು ಹಿಟ್ಸೆಲ್ಬರ್ಗರ್ ನರವನ್ನು ದಾಟಿ ನೇರವಾಗಿ ಮಿದುಳುಕಾಂಡದ ಮೇಲೆ ವಿದ್ಯುದ್ವಾರ ಇಟ್ಟರು. ಉಳಿಸಲಾಗದ ನರಕ್ಕೆ ಅದು ಬದಲಿ ದಾರಿಯಾಯಿತು.