ಹಿತ್ತಿಲ ಸೇಬು, ದಿಬ್ಬದ ಸೈಕಲ್

ನಮ್ಮಲ್ಲಿ ದಸರೆ ಮುಗಿದು ದೀಪಾವಳಿಗೆ ಮನೆಗಳು ಸಜ್ಜಾಗುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಲೆ ಉದುರುವ ಕಾಲ. ಬೆಳಗಿನ ಮಂಜು ಹತ್ತು ಗಂಟೆಯಾದರೂ ಕರಗುವುದಿಲ್ಲ. ಸಂಜೆ ಬೇಗನೆ ಕತ್ತಲಾಗುತ್ತದೆ. ಊರೊಳಗಿನ ಬೀದಿಗಳಲ್ಲಿ ನಡೆದರೆ ಕೆಲವು ಮನೆಗಳ ಗೇಟಿನ ಬಳಿ ಪೆಟ್ಟಿಗೆ ತುಂಬ ಸೇಬುಹಣ್ಣು, ಮೇಲೊಂದು ಚೀಟಿ ಕಾಣಸಿಗುತ್ತವೆ. 'ಬೇಕಾದವರು ಒಯ್ಯಿರಿ' ಎಂಬುದು ಚೀಟಿಯ ಒಕ್ಕಣೆ. ಹಿತ್ತಿಲಲ್ಲಿ ಒಂದೇ ಮರವಿದ್ದರೂ ಫಸಲು ಒಳ್ಳೆಯದಾದ ವರ್ಷ ಮನೆಯವರು ತಿಂದು ಮುಗಿಸುವುದು ಸಾಧ್ಯವಿಲ್ಲ. ಇದೇ ತಿಂಗಳ ಭಾನುವಾರಗಳಂದು ಹಳ್ಳಿಗಾಡಿನ ಕಡಿದಾದ ದಿಬ್ಬಗಳ ಬುಡದಲ್ಲಿ ಸೈಕಲ್ ಸವಾರರು ಒಬ್ಬೊಬ್ಬರಾಗಿ ಸರದಿಗೆ ನಿಲ್ಲುತ್ತಾರೆ. ದಿಬ್ಬ ಹತ್ತುವ ಪಂದ್ಯಗಳ ಕಾಲವೂ ಇದೇ.

ಈ ಎರಡರಲ್ಲೂ ದುಡ್ಡಿನ ಲಾಭ ಅಷ್ಟಕ್ಕಷ್ಟೆ. ಎರಡೂ ನೂರು ವರ್ಷಗಳನ್ನು ದಾಟಿ ಉಳಿದು ಬಂದಿವೆ. ಉಳಿಸಿದವರು ರಾಜರಲ್ಲ, ಕಂಪನಿಗಳೂ ಅಲ್ಲ. ಯಾರದೋ ಹಿತ್ತಿಲು, ಯಾವುದೋ ಕ್ಲಬ್ಬಿನ ಹಟ, ಇಷ್ಟೇ ಇವುಗಳ ಬಂಡವಾಳ.

ಸೇಬಿನ ಕಥೆ ನಾಟಿಂಗ್‌ಹ್ಯಾಮ್ ಜಿಲ್ಲೆಯ ಸೌತ್‌ವೆಲ್ ಎಂಬ ಸಣ್ಣ ಊರಿನಿಂದ ಶುರುವಾಗುತ್ತದೆ. 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ತನ್ನ ಮನೆಯ ತೋಟದಲ್ಲಿ ಸೇಬಿನ ಬೀಜ ನೆಟ್ಟಳು. ಬೀಜ ಮೊಳೆತು ಸಸಿಯಾಯಿತು, ಸಸಿ ಮರವಾಯಿತು. ಹುಡುಗಿ ಮದುವೆಯಾಗಿ ಊರು ಬಿಟ್ಟಳು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರ್ಯಾಮ್ಲಿ ಎಂಬ ಕಸಾಯಿಯವನು ಕೊಂಡ. ಅದಾಗಿ ಹತ್ತು ವರ್ಷಕ್ಕೆ, 1856ರಲ್ಲಿ, ಹೆನ್ರಿ ಮೆರಿವೆದರ್ ಎಂಬ ಹದಿನೇಳರ ತರುಣ ದಾರಿಯಲ್ಲಿ ತೋಟದಾಳೊಬ್ಬ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದ ದಪ್ಪ ದಪ್ಪ ಹಸಿರು ಸೇಬುಗಳನ್ನು ಕಂಡು ಬೆರಗಾದ. ಮೆರಿವೆದರ್ ಮನೆತನದ್ದು ಸಸಿಗಳ ವ್ಯಾಪಾರ. ಹಣ್ಣು ಯಾರ ಮರದ್ದೆಂದು ವಿಚಾರಿಸಿ ನೇರವಾಗಿ ಬ್ರ್ಯಾಮ್ಲಿಯ ಮನೆಗೆ ಹೋಗಿ ಕಸಿಗೆ ಕಡ್ಡಿ ಕೇಳಿದ. ಬ್ರ್ಯಾಮ್ಲಿ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ: ಆ ಸೇಬಿಗೆ ತನ್ನ ಹೆಸರನ್ನೇ ಇಡಬೇಕು.

ಹೀಗೆ 'ಬ್ರ್ಯಾಮ್ಲಿ ಸೀಡ್ಲಿಂಗ್' ಹುಟ್ಟಿತು. ಬೀಜ ನೆಟ್ಟವಳ ಹೆಸರು ಹಣ್ಣಿಗೆ ಸಿಗಲಿಲ್ಲ. ಆಕೆ 1852ರಲ್ಲೇ ತೀರಿಕೊಂಡಿದ್ದಳು. ತಾನು ನೆಟ್ಟ ಮರ ಮುಂದೆ ಏನಾಯಿತೆಂಬುದು ಅವಳಿಗೆ ತಿಳಿಯಲೇ ಇಲ್ಲ. ನಮ್ಮ ಮಲೆನಾಡಿನವರಿಗೆ ಈ ಬಗೆಯ ನಾಮಕರಣ ಹೊಸದೇನಲ್ಲ. ಉಪ್ಪಿನಕಾಯಿಯ ಮಾವಿನ ಮಿಡಿಗಳಲ್ಲಿ 'ಅನಂತಭಟ್ಟನ ಅಪ್ಪೆ' ಎಂಬುದೊಂದು ಪ್ರಸಿದ್ಧ ತಳಿ ಇದೆಯಲ್ಲ, ಹಾಗೆ. ಒಡೆಯನ ಹೆಸರು ಹಣ್ಣಿಗೆ ಅಂಟಿಕೊಳ್ಳುತ್ತದೆ, ನೀರೆರೆದವರು ಮರೆಯಾಗುತ್ತಾರೆ.

ಮೆರಿವೆದರ್ ಮಾಡಿದ ಕೆಲಸದ ಮಹತ್ವ ತಿಳಿಯಬೇಕಾದರೆ ಸೇಬಿನ ಸ್ವಭಾವ ಗೊತ್ತಿರಬೇಕು. ಸೇಬು ಬೀಜದಿಂದ ತಾಯಿಮರದ ಗುಣವನ್ನು ಹೊತ್ತು ಬರುವುದಿಲ್ಲ. ಒಂದೇ ಹಣ್ಣಿನ ಐದು ಬೀಜ ನೆಟ್ಟರೆ ಐದೂ ಐದು ಬಗೆಯ ಮರಗಳಾಗುತ್ತವೆ, ಅವುಗಳಲ್ಲಿ ಹೆಚ್ಚಿನವು ಬಾಯಿಗೆ ಹಿಡಿಸದ ಕಾಯಿ ಬಿಡುತ್ತವೆ. ಒಳ್ಳೆಯ ಮರ ಸಿಕ್ಕಿತೆಂದರೆ ಅದನ್ನು ಹೆಚ್ಚಿಸಲು ಕಸಿಯೊಂದೇ ಬಳಕೆಯ ದಾರಿ. ಮೇರಿ ಆ್ಯನ್ ನೆಟ್ಟ ಬೀಜ ಲಾಟರಿ ಚೀಟಿಯಂತೆ ಹೊಡೆಯಿತು. ಅದು ಲಾಟರಿ ಎಂದು ಗುರುತಿಸುವ ಕಣ್ಣು ಇದ್ದದ್ದು ಮೆರಿವೆದರ್‌ಗೆ. ಅವನು ಆ ಕಡ್ಡಿಗಳನ್ನು ಒಯ್ಯದಿದ್ದರೆ ಆ ರುಚಿ ಒಂದು ಹಿತ್ತಿಲಲ್ಲೇ ಇದ್ದು ಅಲ್ಲೇ ಮುಗಿಯುತ್ತಿತ್ತು.

ವ್ಯಾಪಾರವೇನೂ ಭರದಿಂದ ಆರಂಭವಾಗಲಿಲ್ಲ. 1862ರ ಅಕ್ಟೋಬರ್ 31ರಂದು ಮೆರಿವೆದರ್‌ನ ಲೆಕ್ಕದ ಪುಸ್ತಕದಲ್ಲಿ ಮೂರು ಬ್ರ್ಯಾಮ್ಲಿ ಸೇಬು, ಎರಡು ಷಿಲಿಂಗ್ ಎಂದು ಬರೆದಿರುವುದೇ ಮೊದಲ ಮಾರಾಟದ ದಾಖಲೆ. 1876ರಲ್ಲಿ ರಾಯಲ್ ತೋಟಗಾರಿಕಾ ಸಂಘದ ಮೆಚ್ಚುಗೆ ದೊರೆತ ಮೇಲೆ ಕಸಿಗಿಡಗಳಿಗೆ ಬೇಡಿಕೆ ಏರಿತು. ಹಸಿಯಾಗಿ ತಿನ್ನಲು ಈ ಸೇಬು ಬಹಳ ಹುಳಿ. ಆದರೆ ಬೇಯಿಸಿದರೆ ನೊರೆಯಂತೆ ಕರಗುತ್ತದೆ, ಹುಳಿ ಮಾತ್ರ ಹಾಗೇ ಉಳಿಯುತ್ತದೆ. ಮಾವಿನಕಾಯಿಯ ಬೆಲೆ ಬಲ್ಲ ನಮ್ಮ ಅಡಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡುಬಿನಂತಹ ಪೈಗಳಿಗೆ, ಹುಡಿಹಿಟ್ಟು ಉದುರಿಸಿ ಸುಟ್ಟ ಕ್ರಂಬಲ್ಲಿಗೆ, ಹಂದಿಮಾಂಸದ ಜೊತೆಗಿನ ಗೊಜ್ಜಿಗೆ ಆಂಗ್ಲರು ಬಳಸುವುದು ಇದನ್ನೇ. ಬ್ರಿಟನ್ನಿನಲ್ಲಿ ಅಡಿಗೆಗೆಂದು ಮಾರಾಟವಾಗುವ ಸೇಬಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬ್ರ್ಯಾಮ್ಲಿಯದು. ಪೆಟ್ಟಾಗದ ಹಣ್ಣುಗಳನ್ನು ಆರಿಸಿ, ಒಂದಕ್ಕೊಂದು ತಾಗದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ತಣ್ಣಗಿನ ಶೆಡ್ಡಿನಲ್ಲಿಟ್ಟರೆ ಚಳಿಗಾಲ ಕಳೆಯುವವರೆಗೂ ಬಾಳುತ್ತವೆ.

ಶರತ್ಕಾಲದ ಉಳಿದ ಹಣ್ಣುಗಳಿಗೂ ಅವರವರ ಕಟ್ಟುಕಟ್ಟಳೆಗಳಿವೆ. ಬೇಲಿಯ ಕಪ್ಪು ಬ್ಲ್ಯಾಕ್‌ಬೆರಿಗಳನ್ನು ಸಂತ ಮೈಕೇಲನ ಹಬ್ಬದ ನಂತರ ಕೀಳಬಾರದೆಂದು ಹಳಬರು ಹೇಳುತ್ತಿದ್ದರು. ಸ್ವರ್ಗದಿಂದ ದಬ್ಬಿಸಿಕೊಂಡ ಸೈತಾನ ಆ ಮುಳ್ಳುಪೊದೆಯ ಮೇಲೆ ಬಿದ್ದು, ಸಿಟ್ಟಿನಿಂದ ಹಣ್ಣುಗಳ ಮೇಲೆ ಉಗುಳಿದನಂತೆ. ಅಕ್ಟೋಬರಿನ ತೇವಕ್ಕೆ ಆ ಹಣ್ಣು ಬೂಷ್ಟು ಹಿಡಿಯುವುದು ನಿಜವಾದ್ದರಿಂದ ಸೈತಾನನ ಮೇಲಿನ ಆರೋಪ ಪೂರ್ತಿ ಸುಳ್ಳೆನ್ನಲಾಗದು!

ಇನ್ನು ಸೈಕಲ್ಲು. ಸೌತ್‌ವೆಲ್‌ಗೆ ಸುಮಾರು ಹದಿನಾಲ್ಕು ಮೈಲಿ ದೂರದ ನಾಟಿಂಗ್‌ಹ್ಯಾಮ್ ನಗರದ ರ‍್ಯಾಲೀ ಬೀದಿಯಲ್ಲಿ ಒಂದು ಸಣ್ಣ ಸೈಕಲ್ ಕಾರ್ಖಾನೆಯಿತ್ತು. ಫ್ರ್ಯಾಂಕ್ ಬೌಡನ್ ಎಂಬ ಸಿರಿವಂತ ಕಾಯಿಲೆ ಬಿದ್ದು, ಸೈಕಲ್ ತುಳಿದು ಚೇತರಿಸಿಕೊಂಡ ಮೇಲೆ 1887ರ ಸುಮಾರಿಗೆ ಅದರಲ್ಲಿ ಹಣ ಹೂಡಿದ. ಆ ಬೀದಿಯ ಹೆಸರೇ ಕಂಪನಿಗೆ ಬಂತು. ಇದೇ ಕಂಪನಿ 1952ರಲ್ಲಿ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲೀ ಕಾರ್ಖಾನೆಗೆ ಕೈಜೋಡಿಸಿತು. ಕನ್ನಡ ನಾಡಿನ ಮೇಷ್ಟರುಗಳು, ಅಂಚೆಯವರು ಹೆಮ್ಮೆಯಿಂದ ಒರೆಸಿ ಇಡುತ್ತಿದ್ದ 'ರ‍್ಯಾಲೀ ಸೈಕಲ್ಲು' ಆ ವಂಶದ್ದು. ನಾಟಿಂಗ್‌ಹ್ಯಾಮ್‌ನ ಮೂಲ ಕಾರ್ಖಾನೆಯಲ್ಲಿ ಉತ್ಪಾದನೆ 2000ದ ದಶಕದ ಆರಂಭದಲ್ಲಿ ನಿಂತುಹೋಯಿತು.

ಅದೇ 1887ರಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್ ಸೈಕ್ಲಿಂಗ್ ಕ್ಲಬ್ಬು ದಿಬ್ಬ ಹತ್ತುವ ಪಂದ್ಯವೊಂದನ್ನು ಕೆಂಟ್ ಜಿಲ್ಲೆಯಲ್ಲಿ ಏರ್ಪಡಿಸಿತು. ಡನ್‌ಲಪ್ ಗಾಳಿಚಕ್ರಕ್ಕೆ ಪೇಟೆಂಟ್ ಪಡೆದದ್ದು ಅದರ ಮರುವರ್ಷ. ಎಂದರೆ ಮೊದಲ ಪಂದ್ಯದಲ್ಲಿ ಸವಾರರು ಗಟ್ಟಿ ರಬ್ಬರಿನ ಚಕ್ರಗಳ ಮೇಲೆಯೇ ದಿಬ್ಬ ಏರಿರಬೇಕು. ಯುದ್ಧಕಾಲದಂತಹ ಬಿಡುವುಗಳನ್ನು ಬಿಟ್ಟರೆ ಈ ಪಂದ್ಯ ನಡೆಯುತ್ತಲೇ ಬಂದಿದೆ. ಇಂದಿಗೂ ನಡೆಯುತ್ತಿರುವ ಸೈಕಲ್ ಪಂದ್ಯಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದೇ ಎಂಬ ಖ್ಯಾತಿ ಇದಕ್ಕಿದೆ. 1935ರಿಂದ ಇದರ ನೆಲೆ ಸೆವೆನ್‌ಓಕ್ಸ್ ಸಮೀಪದ ಯಾರ್ಕ್ಸ್ ಹಿಲ್. ಉದ್ದ 707 ಗಜ, ಅರ್ಧ ಮೈಲಿಯೂ ಇಲ್ಲ. ಆದರೆ ಅತಿ ಕಡಿದಾದ ಕಡೆ ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಬೇಕು. ಗಟ್ಟಿಗರು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಕೆಲವರು ನಡುವೆಯೇ ಕಾಲೂರುತ್ತಾರೆ.

ಒಬ್ಬೊಬ್ಬರನ್ನೇ ಏಕೆ ಬಿಡುತ್ತಾರೆ? ಇದರ ಹಿಂದೆ ಒಂದು ಹೆದರಿಕೆಯ ಇತಿಹಾಸವಿದೆ. 1894ರ ಜುಲೈನಲ್ಲಿ ನಾರ್ತ್ ರೋಡ್ ಕ್ಲಬ್ಬಿನ ಐವತ್ತು ಮೈಲಿ ಪಂದ್ಯದಲ್ಲಿ ಸವಾರರ ಗುಂಪನ್ನು ಕಂಡು ಬಂಡಿಯ ಕುದುರೆ ಬೆದರಿತು, ಸವಾರರು ಬಿದ್ದರು. ಬಂಡಿಯಲ್ಲಿದ್ದ ಹೆಂಗಸು ಪೊಲೀಸರಿಗೆ ದೂರು ಕೊಟ್ಟಳು. ಸೈಕಲ್ಲನ್ನೇ ರಸ್ತೆಯಿಂದ ಓಡಿಸಿಯಾರೆಂಬ ಅಂಜಿಕೆಯಲ್ಲಿ ಸವಾರರ ರಾಷ್ಟ್ರೀಯ ಒಕ್ಕೂಟವೇ ರಸ್ತೆ ಪಂದ್ಯಗಳನ್ನು ನಿಷೇಧಿಸಿತು. ಅಂದು ಬಿದ್ದವರಲ್ಲೊಬ್ಬನಾದ ಎಫ್. ಟಿ. ಬಿಡ್‌ಲೇಕ್ ಬೇರೆ ಉಪಾಯ ಹೂಡಿದ. 1895ರ ಅಕ್ಟೋಬರ್ 5ರಂದು ಅವನ ಕ್ಲಬ್ಬು ಸವಾರರನ್ನು ಅಂತರ ಬಿಟ್ಟು ಒಬ್ಬೊಬ್ಬರಾಗಿ ಕಳಿಸಿ, ಗಡಿಯಾರ ನೋಡಿ ಗೆದ್ದವರನ್ನು ನಿರ್ಣಯಿಸಿತು. ನೋಡುವವರಿಗೆ ಅದು ಪಂದ್ಯವೆಂದೇ ಅನ್ನಿಸಬಾರದು, ಅದೇ ಹಂಚಿಕೆ.

ಮುಂದೆ ಅರ್ಧ ಶತಮಾನ ಈ ಆಟ ಹೆಚ್ಚುಕಡಿಮೆ ಗುಟ್ಟಿನಲ್ಲಿ ನಡೆಯಿತು. ನಸುಕಿನಲ್ಲೇ ಆರಂಭ, ಹೆಗಲಿನಿಂದ ಪಾದದ ಗೆಣ್ಣಿನವರೆಗೆ ಕಪ್ಪು ಉಡುಪು, ರಸ್ತೆಗಳಿಗೆ ಊರಿನ ಹೆಸರಿನ ಬದಲು ಅಕ್ಷರ ಮತ್ತು ಅಂಕೆಗಳ ಸಂಕೇತ, ಸವಾರರ ಪಟ್ಟಿಯ ಮೇಲೆ 'ಖಾಸಗಿ, ಗೋಪ್ಯ' ಎಂಬ ಮುದ್ರಣ. ಇತ್ತ ಫ್ರಾನ್ಸ್, ಇಟಲಿಗಳಲ್ಲಿ ಲಕ್ಷಾಂತರ ಜನರ ಜಯಘೋಷದ ನಡುವೆ ಸವಾರರ ಹಿಂಡು ಊರೂರು ಸುತ್ತುತ್ತಿತ್ತು. ಬ್ರಿಟನ್ ಬಹುಕಾಲ ಆ ಮಟ್ಟದ ಸವಾರರನ್ನು ಬೆಳೆಸಲಾರದೆ ಹಿಂದುಳಿದದ್ದಕ್ಕೆ ಈ ಸ್ವಯಂ ನಿಷೇಧವೇ ಮುಖ್ಯ ಕಾರಣ ಎನ್ನಬೇಕು. ಆದರೆ ಒಂಟಿ ಸವಾರ, ಗಡಿಯಾರ ಮತ್ತು ದಿಬ್ಬ ಇವಿಷ್ಟನ್ನೇ ನಂಬಿದ ಕ್ಲಬ್ಬುಗಳ ಸಂಸ್ಕೃತಿ ಗಟ್ಟಿಯಾದದ್ದೂ ಅದರಿಂದಲೇ.

ಎರಡನೆಯ ಮಹಾಯುದ್ಧ ಹಿತ್ತಿಲನ್ನೂ ಸೈಕಲ್ಲನ್ನೂ ಒಟ್ಟಿಗೆ ಮುಂದೆ ತಂದಿತು. ಹಡಗುಗಳಲ್ಲಿ ಹಣ್ಣು ಬರುವುದು ಕುಂದಿತು, ಸಕ್ಕರೆಗೆ ಪಡಿತರ ಬಂತು. 1940ರಲ್ಲಿ ಸರ್ಕಾರ ಹಳ್ಳಿಯ ಮಹಿಳಾ ಸಂಘಗಳಿಗೆ ಸಕ್ಕರೆ ಒದಗಿಸಿ, ಮನೆಮನೆಯ ಹಣ್ಣನ್ನು ಜಾಮ್ ಮಾಡಿಸಿತು. ಪೆಟ್ರೋಲ್ ಇಲ್ಲದೆ ರಸ್ತೆಗಳು ಬಿಕೋ ಎನ್ನುತ್ತಿದ್ದುದನ್ನು ಕಂಡ ಪರ್ಸಿ ಸ್ಟಾಲರ್ಡ್ 1942ರ ಜೂನ್ 7ರಂದು ಲ್ಯಾಂಗಾಲನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಗುಂಪು ಪಂದ್ಯವನ್ನೇ ನಡೆಸಿಬಿಟ್ಟ. ಒಕ್ಕೂಟ ಅವನನ್ನು ಹೊರಗೆ ಹಾಕಿತು, ಅವನು ಬೇರೆ ಸಂಘ ಕಟ್ಟಿದ. ಜಗಳ 1959ರವರೆಗೆ ಎಳೆಯಿತು. ನಡುವೆ 1944ರಲ್ಲಿ, ಯುದ್ಧ ಇನ್ನೂ ಮುಗಿಯದಿರುವಾಗಲೇ, ದಿಬ್ಬ ಹತ್ತುವ ರಾಷ್ಟ್ರೀಯ ಪಂದ್ಯ ಆರಂಭವಾಯಿತು.

ಇದನ್ನು ಶರತ್ಕಾಲಕ್ಕೇ ಇಟ್ಟುಕೊಂಡದ್ದಕ್ಕೆ ಕಾರಣ ಸರಳ. ಬೇಸಿಗೆಯ ಪಂದ್ಯಗಳು ಮುಗಿದಿರುತ್ತವೆ, ಸವಾರರ ಮೈ ಹದಗೊಂಡಿರುತ್ತದೆ, ಉದ್ದನೆಯ ಪಂದ್ಯಕ್ಕೆ ಹಗಲು ಸಾಲದು. ಎರಡು ಮೂರು ನಿಮಿಷದ ಏರಿಗೆ ಎಷ್ಟು ಬೆಳಕು ಬೇಕು? ಅಡ್ಡಿಯೇನಿದ್ದರೂ ರಸ್ತೆಗೆ ಬಿದ್ದ ಒದ್ದೆ ಎಲೆಗಳದು. ಅವುಗಳ ಮೇಲೆ ಹಿಂದಿನ ಚಕ್ರ ಹಿಡಿತ ತಪ್ಪಿ ತಿರುಗುತ್ತದೆ. ಭಾರ ಇಳಿಸಲು ಸವಾರರು ಬಾಟಲಿ ಹಿಡಿಕೆ ಕಳಚುವುದು, ಹ್ಯಾಂಡಲ್ ಕೊಯ್ಯುವುದು, ಬಿಡಿಭಾಗಗಳಿಗೆ ರಂಧ್ರ ಕೊರೆಯುವುದು ಎಲ್ಲ ಉಂಟು. ಕ್ಯಾಟ್‌ಫರ್ಡ್ ಪಂದ್ಯ ಬೆಳಿಗ್ಗೆ, ನೆರೆಯ ಸರ್ರೆ ಜಿಲ್ಲೆಯಲ್ಲಿ ಬೆಕ್ ಕ್ಲಬ್ಬಿನದು ಅದೇ ಮಧ್ಯಾಹ್ನ. ಒಂದೇ ದಿನ ಎರಡಕ್ಕೂ ಇಳಿಯುವವರಿಗೆ ಕೊರತೆಯಿಲ್ಲ. ಕಿರಿದಾದ ದಾರಿಯ ಎರಡೂ ಬದಿ ಜನ ನಿಂತು ಗಂಟೆ ಬಾರಿಸುತ್ತ, ಸವಾರರ ಕಿವಿಯ ಹತ್ತಿರವೇ ಕೂಗುತ್ತ ಹುರಿದುಂಬಿಸುತ್ತಾರೆ. ಹಿಂದೆ ಕದ್ದುಮುಚ್ಚಿ ಆಡುತ್ತಿದ್ದ ಆಟವಿದು ಎಂದು ಈಗ ಯಾರೂ ನಂಬುವಂತಿಲ್ಲ.

ಹಣ್ಣಿನ ಮರಗಳ ಅದೃಷ್ಟ ಇಷ್ಟು ಚೆನ್ನಾಗಿರಲಿಲ್ಲ. 1973ರಲ್ಲಿ ಬ್ರಿಟನ್ ಯೂರೋಪಿನ ಸಾಮಾನ್ಯ ಮಾರುಕಟ್ಟೆ ಸೇರಿದ ಮೇಲೆ ಫ್ರಾನ್ಸಿನ 'ಗೋಲ್ಡನ್ ಡೆಲಿಷಸ್' ಅಂಗಡಿಗಳನ್ನು ತುಂಬಿತು. ತೋಟ ಕಿತ್ತುಹಾಕಲು ಸಹಾಯಧನವೂ ಸಿಕ್ಕಿತು! ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1900ರಿಂದೀಚೆಗೆ ಹಳೆಯ ಮಾದರಿಯ ಹಣ್ಣಿನ ತೋಟಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲವಾಗಿವೆ ಎಂದು ನ್ಯಾಷನಲ್ ಟ್ರಸ್ಟ್ ಸಂಸ್ಥೆ 2022ರಲ್ಲಿ ಲೆಕ್ಕ ಹಾಕಿತು. ಈ ನಷ್ಟದ ಅರಿವಿನಿಂದಲೇ 'ಕಾಮನ್ ಗ್ರೌಂಡ್' ಎಂಬ ಸಂಸ್ಥೆ 1990ರ ಅಕ್ಟೋಬರ್ 21ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ 'ಸೇಬಿನ ದಿನ' ನಡೆಸಿತು. ಆಚರಣೆ ಊರೂರಿಗೆ ಹಬ್ಬಿತು. ಜನ ತಮ್ಮ ಹಿತ್ತಿಲ ಸೇಬನ್ನು ಚೀಲದಲ್ಲಿ ತಂದು ತಜ್ಞರ ಮುಂದಿಟ್ಟು, ಇದರ ಹೆಸರೇನೆಂದು ಕೇಳುತ್ತಾರೆ. ಕೆಂಟ್‌ನ ಬ್ರಾಗ್‌ಡೇಲ್‌ನಲ್ಲಿರುವ ರಾಷ್ಟ್ರೀಯ ಸಂಗ್ರಹದಲ್ಲೇ 2000ಕ್ಕೂ ಹೆಚ್ಚು ಬಗೆಯ ಸೇಬುಗಳಿರುವಾಗ ಹೆಸರು ಹೇಳುವುದು ಸುಲಭದ ಮಾತಲ್ಲ.

ಸೌತ್‌ವೆಲ್‌ನ ಮೂಲ ಮರ 1900ರ ಬಿರುಗಾಳಿಗೆ ಉರುಳಿ ಬಿದ್ದಿತ್ತು. ನೆಲ ತಾಗಿದ ಕೊಂಬೆಯೊಂದು ಬೇರು ಬಿಟ್ಟು ಮತ್ತೆ ಮರವಾಗಿ ನಿಂತಿತು. 1990ರ ದಶಕದಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ಅಂಗಾಂಶದಿಂದ ಪ್ರಯೋಗಾಲಯದಲ್ಲಿ ಸಸಿಗಳನ್ನು ಬೆಳೆಸಿದರು. ಬೇರನ್ನು ಕೊಳೆಸುವ ಹನಿ ಫಂಗಸ್ ಎಂಬ ಶಿಲೀಂಧ್ರ ಆ ಮರಕ್ಕೆ ತಗುಲಿದೆ. ಅದಕ್ಕೆ ಮದ್ದಿಲ್ಲ. ಮನೆಯೂ ತೋಟವೂ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಕೈಸೇರಿವೆ. ಊರಿನವರು ಅಕ್ಟೋಬರಿನಲ್ಲಿ ಬ್ರ್ಯಾಮ್ಲಿ ಉತ್ಸವ ನಡೆಸುತ್ತಾರೆ, ಆ ಹೊತ್ತಿಗೆ ಮೇರಿ ಆ್ಯನ್ ಹೆಸರನ್ನೂ ನೆನೆಯುತ್ತಾರೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುವುದು ಅಲ್ಲಿನ ರೂಢಿ. ರಾಷ್ಟ್ರೀಯ ದಿಬ್ಬದ ಪಂದ್ಯವೂ ಅದರ ಆಸುಪಾಸಿನಲ್ಲೇ ಮುಗಿಯುತ್ತದೆ. ಬಳಿಕ ಪಂದ್ಯದ ಸೈಕಲ್ಲುಗಳು ಚಳಿಗಾಲಕ್ಕೆಂದು ಶೆಡ್ಡು ಸೇರುತ್ತವೆ. ಎಷ್ಟೋ ಮನೆಗಳಲ್ಲಿ ಪತ್ರಿಕೆ ಸುತ್ತಿದ ಸೇಬುಗಳಿರುವುದೂ ಅಲ್ಲಿಯೇ.